ಬಲಕ್ಕೆ ವಾಲುವ ಹೂಗಳು

ಡಿಸೆಂಬರ್ ೨, ಮಂಗಳವಾರ

ಯಾವುದೇ ಬರಹವನ್ನು ಆರಂಭಿಸುವ ಮುನ್ನ ಅದರ ಕಾರಣವನ್ನು ನಮೂದಿಸುವುದು ಕ್ರಮ. ನಲವತ್ತೊಂದು ವರ್ಷ ಕಚೇರಿಯ ಎದುರಿನ ಜಗಲಿಯಲ್ಲಿ ಕುಳಿತು ಪರರ ಅರ್ಜಿಗಳನ್ನು ಬರೆದವನು ನಾನು. ಕಾರಣ ಕಾಣದ ಅರ್ಜಿಯನ್ನು ಯಾವ ಅಧಿಕಾರಿಯೂ ಎರಡನೆಯ ಸಾಲಿನ ಆಚೆಗೆ ಓದುವುದಿಲ್ಲವೆಂದು ಬಲ್ಲೆ. ಆದ್ದರಿಂದ ನಮೂದಿಸುತ್ತೇನೆ: ಮೊನ್ನೆ ಭಾನುವಾರ ಬೆಳಗ್ಗೆ ಸುಮಾರು ಏಳೂವರೆ ಗಂಟೆಗೆ ನನ್ನ ಧರ್ಮಪತ್ನಿಯವರು ಬಚ್ಚಲಿನ ಹೊಸ್ತಿಲಲ್ಲಿ ಕಾಲು ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ಮೂಳೆ ವೈದ್ಯರು ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಜನವರಿ ಹನ್ನೆರಡರವರೆಗೆ ಆ ಕೈಯಿಂದ ಚಮಚವನ್ನೂ ಎತ್ತಕೂಡದೆಂದು ಹೇಳಿದ್ದಾರೆ.

ತತ್ಪರಿಣಾಮವಾಗಿ ಮನೆಯ ಆಡಳಿತ ನನ್ನ ಕೈಗೆ ಬಂದಿದೆ. ಈ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿದೆ. ಅಡುಗೆಮನೆ ಎಂದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಮೂವತ್ತು ವರ್ಷದಿಂದ ಅದರಲ್ಲಿ ನನ್ನ ಅಧಿಕಾರವ್ಯಾಪ್ತಿ ಚಹದ ಪಾತ್ರೆಗೆ ಸೀಮಿತವಾಗಿತ್ತು. ಎದುರು ಬಾಗಿಲಿನ ಟೀಚರ್ ಎರಡು ಹೊತ್ತಿನ ಊಟ ಕಳುಹಿಸುತ್ತಿದ್ದಾರೆ. ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಬಂದು ಧರ್ಮಪತ್ನಿಯವರ ಜಡೆಯನ್ನೂ ಹೆಣೆದು ಹೋಗುತ್ತಾರೆ. ಅವರ ಉಪಕಾರ ದೊಡ್ಡದು. ಆದರೆ ಉಪಕಾರದಲ್ಲಿ ಬದುಕುವುದು ನನಗೆ ಅಭ್ಯಾಸವಿಲ್ಲ.

ಡಿಸೆಂಬರ್ ೪, ಗುರುವಾರ

ಇಂದು ಮಧ್ಯಾಹ್ನ ಧರ್ಮಪತ್ನಿಯವರು ಎಡಗೈಯಿಂದ ಕಪಾಟಿನ ಕೆಳಗಿನ ಖಾನೆಯನ್ನು ಎಳೆದು, ಬಿಸ್ಕತ್ತಿನ ಒತ್ತನ್ನು ಹೊರತೆಗೆದು, ನನ್ನ ಮೇಜಿನ ಮೇಲೆ, ಸರಿಯಾಗಿ ಕಾಗದಗಳ ಮೇಲೆಯೇ ಇಟ್ಟರು. ಗೇಣುದ್ದದ ಲೋಹದ ಕೊಳವೆ. ಒಂದು ತುದಿಗೆ ತಿರುಪಿನ ಮುಚ್ಚಳ, ಮುಚ್ಚಳದೊಳಗೆ ಹೂವಿನಾಕಾರದ ತೂತುಗಳುಳ್ಳ ಬಿಲ್ಲೆ. ಇನ್ನೊಂದು ತುದಿಗೆ ಹಿಡಿ. ಕೊಳವೆಗೆ ಹಿಟ್ಟು ತುಂಬಿ, ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹಿಡಿಯನ್ನು ಒಮ್ಮೆ ಅದುಮಿದರೆ ಟಕ್ ಎಂದು ಒಂದು ಹೂವು ಕೂರುತ್ತದೆ. ಇದು ನಾನು ದೂರದಿಂದ ಕಂಡಿದ್ದ ಸಂಗತಿ.

“ಈ ಸಲ ನೀವು ಒತ್ಬೇಕು” ಅಂದರು.

ಹಿನ್ನೆಲೆ ಹೀಗಿದೆ. ನಮ್ಮ ಒಬ್ಬಳೇ ಮಗಳು ರೈಲಿನಲ್ಲಿ ಹದಿನಾಲ್ಕು ಗಂಟೆ ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್. ವರ್ಷಾಂತ್ಯದ ರಜೆಗೆ ಎಲ್ಲರೂ ಮನೆಗೆ ಹೋದಾಗ ವಾರ್ಡಿನಲ್ಲಿ ಉಳಿಯುವವಳು ಅವಳು. ಆರು ವರ್ಷದಿಂದ ಇಲ್ಲಿಗೆ ಬಂದಿಲ್ಲ. ಪ್ರತಿ ಡಿಸೆಂಬರಿನಲ್ಲೂ ಅವಳ ತಾಯಿ ನೀಲಿ ತಗಡಿನ ಡಬ್ಬಿಯ ತುಂಬ ಬಿಸ್ಕತ್ತು ಒತ್ತಿ ಅಂಚೆಗೆ ಹಾಕಿಸುತ್ತಾರೆ. ಜನವರಿಯಲ್ಲಿ ಡಬ್ಬಿ ಖಾಲಿಯಾಗಿ, ತೊಳೆದು ಒರೆಸಿಕೊಂಡು, ವಾಪಸು ಬರುತ್ತದೆ. ಈ ಮನೆಗೂ ಅವಳಿಗೂ ನಡುವೆ ಓಡಾಡುವ ವಸ್ತು ಅದೊಂದೇ. ಭಾನುವಾರ ಫೋನು ಮಾಡುತ್ತಾಳೆ, ತಾಯಿಗೆ. ನನ್ನೊಡನೆ ಮಾತಿಲ್ಲ.

ಅದರ ಕಾರಣವನ್ನೂ ನಮೂದಿಸುವುದು ನ್ಯಾಯ. ಆರು ವರ್ಷದ ಹಿಂದೆ ಆ ಆಸ್ಪತ್ರೆಯಿಂದ ಅವಳಿಗೆ ನೇಮಕದ ಆದೇಶ ಬಂದಾಗ, ಅಷ್ಟು ದೂರಕ್ಕೆ ಒಬ್ಬಳೇ ಹೋಗುವುದು ಹಿತವಲ್ಲವೆಂದು ಭಾವಿಸಿ, “ವೈಯಕ್ತಿಕ ಕಾರಣಗಳಿಂದ ಸದರಿ ಹುದ್ದೆಯನ್ನು ಸ್ವೀಕರಿಸಲು ಅಸಮರ್ಥಳಾಗಿದ್ದೇನೆ” ಎಂದು ಅವಳ ಹೆಸರಿನಲ್ಲಿ ನಾನು ಪತ್ರ ಬರೆದು ಕಳುಹಿಸಿದೆ. ಸಹಿಯನ್ನೂ ನಾನೇ ಮಾಡಿದೆ. ಹಿರಿಯರ ಅರ್ಜಿಗಳನ್ನು ನಕಲು ಮಾಡಿ ಮಾಡಿಯೇ ಬರಹ ಕಲಿತವನಿಗೆ ಒಂದು ಸಹಿ ಕಷ್ಟದ ಕೆಲಸವಲ್ಲ. ಆಸ್ಪತ್ರೆಯವರು ಆ ಪತ್ರದ ಪ್ರತಿಯನ್ನು ಅವಳಿಗೇ ಕಳುಹಿಸಿದಾಗ ವಿಷಯ ಬಯಲಾಯಿತು. ಅವಳು ಕೂಗಾಡಲಿಲ್ಲ. ಕಾಗದವನ್ನು ಬಹಳ ಹೊತ್ತು ನೋಡಿ, “ಒಂದು ಗಳಿಗೆ ಇದನ್ನ ನಾನೇ ಬರೆದೆನೇನೋ ಅನ್ನಿಸ್ತು, ಅಪ್ಪ” ಅಂದಳು. ಮಾರನೆಯ ವಾರ ತಾನೇ ಹೋಗಿ, ಅವರಿವರನ್ನು ಕಾಡಿ ಬೇಡಿ, ಅದೇ ಹುದ್ದೆಗೆ ಸೇರಿಕೊಂಡಳು.

ನಾನು ಮಾಡಿದ್ದು ಅವಳ ಹಿತಕ್ಕೆ. ಈ ಬಗ್ಗೆ ಹೆಚ್ಚಿಗೆ ಬರೆಯುವುದಿಲ್ಲ.

ಕೈ ಮುರಿದ ಸಂಗತಿಯನ್ನು ಧರ್ಮಪತ್ನಿಯವರು ಮಗಳಿಗೆ ತಿಳಿಸಿಲ್ಲ. ತಿಳಿಸುವುದೂ ಇಲ್ಲವಂತೆ. “ಅಮ್ಮನ ಕೈ ಮುರೀತು ಅಂತ ಓಡಿ ಬರೋದು ಬೇಡ. ಬರ್ಬೇಕು ಅನ್ನಿಸಿದಾಗ ಬರ್ಲಿ” ಎಂಬುದು ಅವರ ನಿಲುವು. ಆದ್ದರಿಂದ ಡಬ್ಬಿ ಹೋಗಲೇಬೇಕು. ಹೋಗದಿದ್ದರೆ, ಈ ಮನೆಯ ಇನ್ನೊಂದು ಬಾಗಿಲೂ ಮುಚ್ಚಿತೆಂದು ಅವಳು ತಿಳಿದಾಳು. ಹೋದದ್ದು ತಾಯಿಯ ಕೈಯದೇ ಅನ್ನಿಸಬೇಕು. ಹದಿನೆಂಟನೇ ತಾರೀಕಿನೊಳಗೆ ಅಂಚೆಗೆ ಬಿದ್ದರೆ ರಜೆಗೆ ಮುನ್ನ ತಲುಪುತ್ತದೆ.

ಕೋರಿಕೆ ನ್ಯಾಯಸಮ್ಮತವಾಗಿದ್ದುದರಿಂದ ಒಪ್ಪಿದೆ.

ಡಿಸೆಂಬರ್ ೬, ಶನಿವಾರ

ಮೊದಲ ಪ್ರಯತ್ನದ ವರದಿ.

ಬೆಣ್ಣೆ ಕಾಲು ಕಿಲೋ, ಸಕ್ಕರೆ ಪುಡಿ ಒಂದು ಲೋಟ, ಮೊಟ್ಟೆ ಒಂದು, ಮೈದಾ ಎರಡೂವರೆ ಲೋಟ, ವೆನಿಲಾ ಅರ್ಧ ಚಮಚ: ಇಷ್ಟನ್ನು ಹೇಳಿಸಿಕೊಂಡು ಬರೆದುಕೊಂಡೆ. ಕಲಸುವುದು ಸಾಧಾರಣ ಕೆಲಸವೆಂದು ತಿಳಿದಿದ್ದೆ. ಅರ್ಧ ಗಂಟೆಯ ನಂತರ ತೋಳು ಬೇರೆಯೇ ಅಭಿಪ್ರಾಯ ಕೊಟ್ಟಿತು. ಅನಂತರ ತಟ್ಟೆಯನ್ನು ಸಿದ್ಧಪಡಿಸಿದೆ. ಒಳ್ಳೆಯ ದಪ್ಪ ಕಾಗದವನ್ನು ಅಳತೆಗೆ ಕತ್ತರಿಸಿ, ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ಪೆನ್ಸಿಲಿನಿಂದ ಸಮಾನಾಂತರ ಗೆರೆಗಳನ್ನು ಎಳೆದು ತಟ್ಟೆಗೆ ಹಾಸಿದೆ. ಗೆರೆಯಿಲ್ಲದ ಕಡೆ ನಾನು ಈವರೆಗೆ ಏನನ್ನೂ ಇಳಿಸಿದವನಲ್ಲ. ಮೇಲೆ ತೆಳ್ಳಗೆ ಬೆಣ್ಣೆಯನ್ನೂ ಸವರಿದೆ.

ಒತ್ತನ್ನು ಮೊದಲ ಗೆರೆಯ ಮೇಲೆ ನಿಲ್ಲಿಸಿ ಅದುಮಿದೆ. ಟಕ್ ಎಂದಿತು. ಎತ್ತಿದೆ. ಹೂವು ಒತ್ತಿಗೇ ಕಚ್ಚಿಕೊಂಡು ಮೇಲೆ ಬಂತು. ಇನ್ನೊಮ್ಮೆ ಅದುಮಿದೆ, ಈ ಸಲ ಹೂವಿನ ಜೊತೆ ಕಾಗದವೂ ಎದ್ದು ಬಂತು. ಹತ್ತನೆಯ ಸಲಕ್ಕೆ ತಟ್ಟೆಯ ಮೇಲೆ ಹೂವೆಂದು ಕರೆಯಬಹುದಾದದ್ದು ಒಂದೂ ಇರಲಿಲ್ಲ, ನನ್ನ ಕನ್ನಡಕದ ಮೇಲೆ ಇತ್ತು.

ಧರ್ಮಪತ್ನಿಯವರು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದರು. ನಗುವಾಗ ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದರು, ನೋಯುತ್ತಿತ್ತೆಂದು ಕಾಣುತ್ತದೆ. ಒತ್ತುವ ಬಿಸ್ಕತ್ತಿಗೆ ತಟ್ಟೆ ಬರಿದಾಗಿರಬೇಕಂತೆ. ಕಾಗದವೂ ಕೂಡದು, ಬೆಣ್ಣೆಯೂ ಕೂಡದು. ಬರಿಯ ತಣ್ಣನೆಯ ಲೋಹವನ್ನು ಹಿಟ್ಟು ಕಚ್ಚಿ ಹಿಡಿದರೆ ಮಾತ್ರ ಒತ್ತು ಅದನ್ನು ಬಿಟ್ಟುಕೊಡುತ್ತದಂತೆ.

ಗೆರೆ ಎಳೆಯುವಾಗಲೇ ನೋಡುತ್ತಿದ್ದೆಯಲ್ಲ, ಆಗಲೇ ಏಕೆ ಹೇಳಲಿಲ್ಲವೆಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

“ನೀವು ಕೇಳ್ಲಿಲ್ಲ” ಅಂದರು.

ಡಿಸೆಂಬರ್ ೭, ಭಾನುವಾರ

ಹನ್ನೊಂದಕ್ಕೆ ಫೋನು. ನಾನು ಪದ್ಧತಿಯಂತೆ ಒಳಕೋಣೆಗೆ ಹೋದೆ. ಗೋಡೆ ತೆಳು. ಚಳಿ ಹೇಗಿದೆ, ಟೀಚರ್ ಹೇಗಿದ್ದಾರೆ, ಮಂಡಿನೋವು ಹೇಗಿದೆ ಎಂಬೆಲ್ಲದಕ್ಕೂ ಇವರ ಉತ್ತರ ಕೇಳಿಸಿತು. ಹಿಟ್ಟು ಕಲಸಿದ್ದಾಯಿತೇ ಎಂದು ಅವಳು ಕೇಳಿರಬೇಕು. “ಕಲಸ್ತಾ ಇದೀನಿ ಕಣೇ, ಈ ಸಲ ಯಾಕೋ ಕೈ ಸ್ವಲ್ಪ ನಿಧಾನ” ಎಂದು ಇವರು ಸುಳ್ಳಿಗೆ ಹತ್ತಿರದ ನಿಜವೊಂದನ್ನು ಹೇಳಿದರು. ನಲವತ್ತೊಂದು ವರ್ಷದ ವೃತ್ತಿಯಲ್ಲಿ ಇಷ್ಟು ಅಚ್ಚುಕಟ್ಟಾದ ವಾಕ್ಯವನ್ನು ನಾನು ಬರೆದಿಲ್ಲ.

ಡಿಸೆಂಬರ್ ೯, ಮಂಗಳವಾರ

ಹಿಟ್ಟು ತಣ್ಣಗಿದ್ದಷ್ಟೂ ಒಳ್ಳೆಯದೆಂದು ತರ್ಕಿಸಿ, ಕೇಳದೆ, ಇಡೀ ದಿನ ಫ್ರಿಜ್ಜಿನಲ್ಲಿಟ್ಟಿದ್ದೆ. ಅದು ಇಟ್ಟಿಗೆಯಾಯಿತು. ಇಟ್ಟಿಗೆಯನ್ನು ಕೊಳವೆಗೆ ತುರುಕಿ ಬಲವಾಗಿ ಅದುಮಿದಾಗ ಒಳಗೆಲ್ಲೋ ಕಡಕ್ಕೆಂದು ಶಬ್ದವಾಗಿ ಹಿಡಿ ಸಡಿಲವಾಯಿತು. ಇದು ಧರ್ಮಪತ್ನಿಯವರ ತಾಯಿಯ ಕಾಲದ ಒತ್ತು. ಇವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೆಳಗಡೆ ಅಂಗಡಿಯ ಗಡಿಯಾರದವರ ಬಳಿಗೆ ಒಯ್ದೆ. ಇಪ್ಪತ್ತು ವರ್ಷದ ಸ್ನೇಹಿತರು. ಊರಿನ ಗಡಿಯಾರಗಳೆಲ್ಲ ಅವರ ಕೈಯಲ್ಲಿ ಸರಿಯಾಗುತ್ತವೆ, ಅವರ ಅಂಗಡಿಯ ಗೋಡೆಯದು ಮಾತ್ರ ಇಪ್ಪತ್ತು ನಿಮಿಷ ಹಿಂದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಳಗೆ ಇಣುಕಿದರು.

“ಏನ್ ಯಜಮಾನ್ರೇ, ಅರ್ಜಿ ಬಿಟ್ಟು ಬಿಸ್ಕತ್ತಿಗೆ ಇಳಿದ್ರಾ?”

ಧರ್ಮಪತ್ನಿಯವರ ಪರವಾಗಿ ಎಂದೆ.

“ಎಲ್ಲಾ ಯಾರದೋ ಪರವಾಗಿಯೇ ಮಾಡಿದ್ರಿ ಬಿಡಿ ನೀವು” ಎಂದು ಹಲ್ಲು ಸವೆದ ಚಕ್ರವೊಂದನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ಅದರ ಜಾಗಕ್ಕೆ ಹಳೆಯ ಗೋಡೆ ಗಡಿಯಾರವೊಂದರ ಚಕ್ರ ಹೊಂದಿತು. ಕೂಲಿಗೆ ಬದಲಾಗಿ ಮೊದಲ ಸರಿಯಾದ ತಟ್ಟೆ ತನಗೆ ಸಲ್ಲತಕ್ಕದ್ದೆಂದು ಷರತ್ತು ಹಾಕಿದ್ದಾರೆ. ಒಪ್ಪಿದ್ದೇನೆ.

ಡಿಸೆಂಬರ್ ೧೦, ಬುಧವಾರ

ಹಿಟ್ಟು ಮೆದುವಾಗಿತ್ತು, ಓವನ್ನಿನಿಂದ ತೆಗೆದ ತಟ್ಟೆ ಇನ್ನೂ ಬಿಸಿಯಿತ್ತು. ಹೂಗಳು ಕರಗಿ ಒಂದೇ ಹಾಳೆಯಾದವು. ಮುರಿದುಕೊಂಡು ಇಬ್ಬರೂ ತಿಂದೆವು. ರುಚಿಯಲ್ಲಿ ದೋಷವಿರಲಿಲ್ಲ.

ಡಿಸೆಂಬರ್ ೧೨, ಶುಕ್ರವಾರ

ಇಂದು ಮೊದಲು ಕೇಳಿದೆ, ಆಮೇಲೆ ಮಾಡಿದೆ. ಹಿಟ್ಟು ಎಷ್ಟು ಮೆತ್ತಗಿರಬೇಕೆಂದು ಕೇಳಿದ್ದಕ್ಕೆ, ಕಿವಿಯ ಹಾಲೆಯಷ್ಟು ಎಂದು ಉತ್ತರ ಬಂತು. ನನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡೆ.

“ನಿಮ್ದು ಲೆಕ್ಕಕ್ಕಿಲ್ಲ, ಯಾರ ಮಾತೂ ಹೋಗದೆ ಗಟ್ಟಿಯಾಗಿದೆ. ನಂದು ಮುಟ್ಟಿ.”

ಮುಟ್ಟಿದೆ. ಓಲೆಯ ಭಾರಕ್ಕೆ ಸ್ವಲ್ಪ ಇಳಿದ, ತಣ್ಣನೆಯ, ಬಹಳ ಮೆತ್ತಗಿನ ಹಾಲೆ. ಹಿಟ್ಟಿಗೆ ಇನ್ನೊಂದು ಚಮಚ ಹಾಲು ಬೇಕೆಂದು ತಿಳಿಯಿತು.

ಬರಿದಾದ ತಣ್ಣನೆಯ ತಟ್ಟೆ. ಒತ್ತು ನೆಟ್ಟಗೆ. ಒಮ್ಮೆ ಅದುಮುವುದು, ಒಂದು ಉಸಿರು ತಡೆಯುವುದು, ಎತ್ತುವುದು. ಹೂವು ಕೂತಿತು. ಎರಡನೆಯದೂ. ಎರಡು ತಟ್ಟೆ, ಮೂವತ್ತಾರು ಹೂಗಳು, ಒಂದಕ್ಕೊಂದು ಅಳತೆ ತಪ್ಪದೆ. ಇವಳು ಎಡಗೈಯಲ್ಲಿ ಒಂದನ್ನು ಎತ್ತಿ ನೋಡಿ, ಚೆನ್ನಾಗಿವೆ, ಆದರೆ ಸಾಲಾಗಿ ನಿಂತ ಶಾಲೆಯ ಮಕ್ಕಳ ಹಾಗಿವೆ ಎಂದಳು. ಮಗಳು ಡಬ್ಬಿ ತೆರೆದ ಕೂಡಲೇ ಕಂಡುಹಿಡಿಯುತ್ತಾಳಂತೆ.

ಹೋದ ವರ್ಷ ಮಗಳು ತನ್ನ ತಾಯಿಯ ಫೋನಿಗೆ ಕಳುಹಿಸಿದ್ದ ಚಿತ್ರವನ್ನು ಕೇಳಿ ಪಡೆದೆ: ವಾರ್ಡಿನ ಮೇಜು, ತೆರೆದ ನೀಲಿ ಡಬ್ಬಿ, ತುಂಬ ಹೂಗಳು. ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ಪರಿಶೀಲಿಸಿದೆ. ಬರಹವಾಗಲಿ ಬಿಸ್ಕತ್ತಾಗಲಿ, ಒಂದು ಕೈಯ ಗುರುತು ಅದರ ತಪ್ಪಿನಲ್ಲಿರುತ್ತದೆ. ಇವಳ ಹೂಗಳ ಎಸಳುಗಳು ನೆಟ್ಟಗಿಲ್ಲ. ಐದೂ ಎಸಳು ಬಲಕ್ಕೆ ತುಸು ವಾಲಿವೆ, ಗಾಳಿ ಬೀಸಿದಂತೆ. ಒತ್ತನ್ನು ಎತ್ತುವಾಗ ಇವಳ ಮಣಿಕಟ್ಟು ತಿರುಗುತ್ತದೆ. ಮಣಿಕಟ್ಟನ್ನು ತಿರುಗಿಸುವುದು ನಿಜವೇ ಎಂದು ಕೇಳಿದೆ. ತನಗೆ ಗೊತ್ತೇ ಇಲ್ಲ ಎಂದಳು. ಐವತ್ತು ವರ್ಷದಿಂದ ಒತ್ತುತ್ತಿದ್ದಾಳೆ.

ಡಿಸೆಂಬರ್ ೧೫, ಸೋಮವಾರ

ಸಾಧಿಸಿದೆ.

ಮೂರು ದಿನ ಅಭ್ಯಾಸ ಮಾಡಿದೆ. ಎತ್ತುವ ಗಳಿಗೆಯಲ್ಲಿ ಮಣಿಕಟ್ಟನ್ನು ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಬೇಕು. ಹೆಚ್ಚಾದರೆ ಎಸಳು ಹರಿಯುತ್ತದೆ, ಕಡಿಮೆಯಾದರೆ ವಾಲುವುದಿಲ್ಲ. ಸಾಲು ಕೆಡಿಸಿ, ಕೆಲವನ್ನು ಹತ್ತಿರ, ಕೆಲವನ್ನು ದೂರ ಇಡುವುದನ್ನೂ ಕಲಿತೆ. ಗೆರೆ ಬಿಟ್ಟು ಕೆಲಸ ಮಾಡುವುದು ನನಗೆ ತಿರುಚುವುದಕ್ಕಿಂತ ಕಷ್ಟವಾಯಿತು. ಸಂಜೆಯ ಹೊತ್ತಿಗೆ ಎಂಬತ್ತು ಹೂಗಳು ಸಿದ್ಧವಾದವು. ಚಿತ್ರದ ಪಕ್ಕಕ್ಕಿಟ್ಟು ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ನನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲೂ ಈ ಕೈಗೆ ಆ ಶಕ್ತಿ ಉಳಿದಿದೆಯೆಂದು ಸಂತೋಷಪಟ್ಟೆನೆಂಬುದನ್ನು ಮರೆಮಾಚುವುದಿಲ್ಲ.

ಇವಳನ್ನು ಕರೆದು ತೋರಿಸಿದೆ. ಒಂದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದಳು.

“ನಾನೇ ಒತ್ತಿದೆನೇನೋ ಅನ್ನಿಸ್ತಿದೆ” ಅಂದಳು.

ಮೆಚ್ಚಿಯೇ ಅಂದದ್ದು. ಆದರೆ ಅಂದಮೇಲೆ ಅವಳು ನನ್ನ ಮುಖ ನೋಡಲಿಲ್ಲ. ಹೂವನ್ನು ತಟ್ಟೆಗೆ ವಾಪಸು ಇಟ್ಟು, ಪ್ಲಾಸ್ಟರ್ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗಿ ಕುಳಿತಳು. ನಾನು ಡಬ್ಬಿಗೆ ತುಂಬಿದೆ. ಮುಚ್ಚಳ ಹಾಕಿದೆ. ದಾರ ಕತ್ತರಿಸಿಟ್ಟೆ.

ಕಟ್ಟಲಿಲ್ಲ.

ಡಿಸೆಂಬರ್ ೧೬, ಮಂಗಳವಾರ

ಅಂಚೆಗೆ ಹೋಗಲಿಲ್ಲ. ಗಂಟಲು ಕಟ್ಟಿದೆ ಎಂದೆ. ಗಂಟಲು ಕಟ್ಟಿರಲಿಲ್ಲ.

ಡಿಸೆಂಬರ್ ೧೭, ಬುಧವಾರ

ಬೆಳಗ್ಗೆ ಮೇಜಿಗೆ ಕುಳಿತು ಮಗಳಿಗೆ ಪತ್ರ ಬರೆಯತೊಡಗಿದೆ. ಡಬ್ಬಿಯೊಳಗೆ, ಹೂಗಳ ಅಡಿಯಲ್ಲಿ, ಇವಳಿಗೆ ತಿಳಿಯದಂತೆ ಇಟ್ಟುಬಿಡುವ ಆಲೋಚನೆಯಿತ್ತು. “ವಿಷಯ: ಆರು ವರ್ಷದ ಹಿಂದಿನ ಪತ್ರದ ಬಗ್ಗೆ” ಎಂದು ಆರಂಭಿಸಿ ಎರಡು ಪುಟ ಬರೆದೆ. ಓದಿಕೊಂಡೆ. ನಲವತ್ತೊಂದು ವರ್ಷದ ಅನುಭವ ಎದ್ದು ಕಾಣುತ್ತಿತ್ತು. ಯಾವ ಅಧಿಕಾರಿಯಾದರೂ ಮಂಜೂರು ಮಾಡುತ್ತಿದ್ದ. ಮಡಚಿ ಡಬ್ಬಿಯ ಮುಚ್ಚಳ ತೆಗೆದೆ. ಆಗ ಇದು ಕೂಡ ಕೇಳದೆ ಮಾಡುವ ಕೆಲಸವೇ ಎಂದು ಹೊಳೆಯಿತು. ಗುಟ್ಟು ಇವಳದು, ಒಡೆಯುವವನು ನಾನು.

ಅಡುಗೆಮನೆಯಲ್ಲಿ ಇವಳು ಎಡಗೈಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಕೇಳಿದೆ: ಇದನ್ನು ಒತ್ತಿದವನು ನಾನೆಂದು ಮಗಳಿಗೆ ಬರೆಯಲೇ? ಬರೆದರೆ ಕೈಯ ವಿಷಯವೂ ತಿಳಿಯುತ್ತದೆ. ಬೇಡವೆಂದರೆ ಬರೆಯುವುದಿಲ್ಲ.

ಒಂದು ಕಾಯಿ ಬಿಡಿಸಿ ಮುಗಿಸಿದಳು.

“ಮೂರು ದಿನದಿಂದ ಕಾಯ್ತಿದ್ದೆ, ಕೇಳ್ತೀರೋ ಇಲ್ವೋ ಅಂತ.” ಆಮೇಲೆ, “ಮೂರು ದಿನ ಅಲ್ಲ ಬಿಡಿ.”

ಪತ್ರವನ್ನು ಓದಿಸಿದಳು. ಓದಿದೆ. “ಹಿತದೃಷ್ಟಿಯಿಂದ” ಎಂಬ ಪದ ನಾಲ್ಕು ಸಲ ಬಂದಿದೆಯೆಂದು ಬಟಾಣಿಗಳಲ್ಲಿ ಎಣಿಸಿಟ್ಟಿದ್ದಳು. “ಈ ನಾಲ್ಕೂ ಹಿತ ತೆಗೀರಿ, ಏನ್ ಉಳಿಯುತ್ತೆ ನೋಡೋಣ” ಎಂದಳು. ತೆಗೆದೆ. ಒಂದು ಪುಟವೂ ಉಳಿಯಲಿಲ್ಲ. “ಅಸಮರ್ಥನಾಗಿದ್ದೆ”, “ಅನಿವಾರ್ಯ ಸನ್ನಿವೇಶ” ಇವೂ ಹೋದವು. ಕೊನೆಗೆ ಉಳಿದದ್ದು ಅಂಗೈಯಗಲದ ಚೀಟಿಗೆ ಸಾಲುವಷ್ಟು. ಪ್ಲಾಸ್ಟರ್ ತೆಗೆಯುವ ತಾರೀಕನ್ನು ಬರೆಯಬೇಕು, ಗಾಬರಿ ಬಿದ್ದು ಓಡಿ ಬರಬಾರದು ಎಂಬುದಷ್ಟೇ ಅವಳ ಷರತ್ತು.

ಎಂಬತ್ತು ಹೂಗಳನ್ನು ಡಬ್ಬಿಯಿಂದ ಹೊರತೆಗೆದೆ. ಇವು ಹೋಗುವುದಿಲ್ಲ. ಅರ್ಧವನ್ನು ಟೀಚರಿಗೆ, ಅರ್ಧವನ್ನು ಷರತ್ತಿನ ಬಾಕಿಯಾಗಿ ಗಡಿಯಾರದವರಿಗೆ ಕೊಟ್ಟೆ. “ನಮ್ಮ ಅಕ್ಕನ ಕೈ ಇಷ್ಟು ಬೇಗ ವಾಸಿಯಾಯ್ತಾ?” ಎಂದು ಗಡಿಯಾರದವರು ಹೂವನ್ನು ನೋಡಿ ಕೇಳಿದರು. ಇಲ್ಲ, ನಾನು ನಕಲು ಮಾಡಿದ್ದು ಎಂದೆ.

ಡಿಸೆಂಬರ್ ೧೮, ಗುರುವಾರ

ಅಂಚೆಯ ಕಿಟಕಿ ನಾಲ್ಕಕ್ಕೆ ಮುಚ್ಚುತ್ತದೆ. ಬೆಳಗ್ಗೆ ಬೆಣ್ಣೆ ತಂದು, ಕಲಸಿ, ಇವಳ ಕಿವಿ ಮುಟ್ಟಿ ನೋಡಿ, ಹನ್ನೊಂದಕ್ಕೆ ಒತ್ತತೊಡಗಿದೆ. ಮಣಿಕಟ್ಟನ್ನು ತಿರುಗಿಸಲಿಲ್ಲ. ಕೈ ತಾನಾಗಿ ಹೇಗೆ ಎತ್ತುತ್ತದೋ ಹಾಗೆ ಎತ್ತಿದೆ. ನೆಟ್ಟಗಿನ ಹೂಗಳು. ಸಾಲಾಗಿಯೇ ಬಂದವು, ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು. ಇವಳು ಪಕ್ಕದಲ್ಲಿ ನಿಂತು, ಬೆಂದ ತಟ್ಟೆಯನ್ನು ಆರಿಸಲು ಎಡಗೈಯಲ್ಲಿ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಇಬ್ಬರು ಹಿಡಿಯದ ಅಡುಗೆಮನೆ. ಒಬ್ಬರು ತಿರುಗಿದರೆ ಇನ್ನೊಬ್ಬರೂ ತಿರುಗಬೇಕು. ಕೊನೆಯ ತಟ್ಟೆಯ ಹೊತ್ತಿಗೆ ಮೂರು ಗಂಟೆ. ಅವಸರದಲ್ಲಿ ಓವನ್ನಿನ ಕೆಳಗಿನ ಅಂತಸ್ತಿಗೆ ತಳ್ಳಿದೆ. ಇಪ್ಪತ್ತು ಹೂಗಳ ತಳ ಕಪ್ಪಾಯಿತು. ಇನ್ನೊಮ್ಮೆ ಕಲಸಲು ಹೊತ್ತಿರಲಿಲ್ಲ. ಅವನ್ನೂ ತುಂಬಿದೆ.

ಚೀಟಿಯ ಪ್ರತಿಯನ್ನು ಇಲ್ಲಿ ಇಟ್ಟುಕೊಳ್ಳುತ್ತೇನೆ:

“ಮಗಳೇ, ಈ ಸಲ ಇವನ್ನು ಒತ್ತಿದ್ದು ನಾನು. ಅಮ್ಮನ ಮಣಿಕಟ್ಟು ಮುರಿದಿದೆ. ಜನವರಿ ಹನ್ನೆರಡಕ್ಕೆ ಪ್ಲಾಸ್ಟರ್ ತೆಗೆಯುತ್ತಾರೆ, ಚೆನ್ನಾಗಿದ್ದಾಳೆ, ಗಾಬರಿ ಬೇಡ. ಮೊದಲು ಅವಳ ಕೈಯಂತೆಯೇ ಒತ್ತಿದ್ದೆ. ಅವನ್ನು ಕಳಿಸಲು ಮನಸ್ಸಾಗಲಿಲ್ಲ. ಇವು ನನ್ನವು. ಆ ಪತ್ರವೂ ನನ್ನದೇ. ಅದನ್ನು ನಾನು ಬರೆಯಬಾರದಿತ್ತು. ಅಪ್ಪ.”

ಮೂರೂ ಐವತ್ತಕ್ಕೆ ಅಂಚೆಗೆ ಬಿತ್ತು. ಕಿಟಕಿಯ ಹುಡುಗಿ ಒಳಗೇನಿದೆ ಎಂದು ಕೇಳಿದಳು. ಬಿಸ್ಕತ್ತು ಎಂದೆ. ಒಡೆಯುವಂಥದ್ದೇ ಎಂದಳು. ಹೌದು ಎಂದೆ.

ಡಿಸೆಂಬರ್ ೨೧, ಭಾನುವಾರ

ಹನ್ನೊಂದಕ್ಕೆ ಫೋನು. ಡಬ್ಬಿ ಇನ್ನೂ ತಲುಪಿಲ್ಲ. ಕಳಿಸಿದ್ದೀನಿ ಕಣೇ ಎಂದಷ್ಟೇ ಇವಳು ಹೇಳಿದಳು. ನಾನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದೆ.

ಡಿಸೆಂಬರ್ ೨೪, ಬುಧವಾರ

ಟೀಚರ್ ರಜೆಗೆ ಊರಿಗೆ ಹೋಗಿದ್ದಾರೆ. ಜಡೆ ನಾನು ಹೆಣೆದೆ. ಮೂರು ಎಳೆ, ಮೂರನೆಯ ಸಲಕ್ಕೆ ನಿಂತಿತು. ಕನ್ನಡಿಯಲ್ಲಿ ನೋಡಿಕೊಂಡು, ಎಡಕ್ಕೆ ವಾಲಿದೆ ಎಂದಳು. ಬಿಚ್ಚಲೇ ಎಂದೆ. ಇರಲಿ ಎಂದಳು.

ಡಬ್ಬಿ ನಿನ್ನೆ ತಲುಪಿರಬೇಕು. ಫೋನು ಬಂದಿಲ್ಲ.

ಡಿಸೆಂಬರ್ ೨೬, ಶುಕ್ರವಾರ

ಬಂದಿಲ್ಲ.

ಡಿಸೆಂಬರ್ ೨೮, ಭಾನುವಾರ

ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಇವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಬೀದಿಯಲ್ಲಿ ರಜೆಯ ದಿನದ ನಿಧಾನ; ಕೆಳಗೆ ಗಡಿಯಾರದವರ ಅಂಗಡಿಯ ಬಾಗಿಲೂ ಅರ್ಧ ಎಳೆದಿತ್ತು. ಹನ್ನೊಂದೂವರೆಗೆ ಫೋನು ಬಂತು. ನಾನು ಎದ್ದು ಒಳಗೆ ಹೋದೆ.

ಇವಳು ಬರೀ ಹೂಂ, ಹೂಂ ಎನ್ನುತ್ತಿದ್ದಳು. ಕೈ ನೋಯಲ್ಲ ಎಂದಳು. ಸುಳ್ಳು ಹೇಳಿದ್ದಕ್ಕೆ ಬೈಸಿಕೊಂಡಳೆಂದು ತೋರುತ್ತದೆ, ಒಮ್ಮೆ ನಕ್ಕಳು. ಆಮೇಲೆ ಬಾಗಿಲಲ್ಲಿ ಬಂದು ನಿಂತು ಫೋನು ಚಾಚಿದಳು.

“ನಿಮ್ಗಂತೆ.”

ಕಿವಿಗೆ ಇಟ್ಟುಕೊಂಡೆ. ಹಿಂದೆ ವಾರ್ಡಿನ ಗಂಟೆ, ಯಾರೋ ಗಾಲಿ ತಳ್ಳುವ ಶಬ್ದ.

“ಅಪ್ಪ.”

“ಹೇಳಮ್ಮ.”

“ತಳ ಕಪ್ಪಾಗಿದೆ.”

“ಹೌದು. ಕೊನೇ ತಟ್ಟೆ.”

“ಕೆಳಗಿನ ಅಂತಸ್ತಲ್ಲಿ ಇಟ್ಟಿದ್ಯಾ?”

“ಇಟ್ಟಿದ್ದೆ.”

“ಮೇಲೆ ಇಡ್ಬೇಕು. ಅಮ್ಮನ್ನ ಕೇಳಿದ್ರೆ ಹೇಳ್ತಿದ್ಲು.” ಗಾಲಿ ಹತ್ತಿರ ಬಂದು ದೂರ ಹೋಯಿತು. “ಮುಚ್ಚಳ ತೆಗೆದ ತಕ್ಷಣ ಗೊತ್ತಾಯ್ತು, ಅಮ್ಮಂದಲ್ಲ ಅಂತ. ಸಾಲಾಗಿ ಜೋಡಿಸಿದ್ದೀಯ. ಪಕ್ಕದಲ್ಲಿ ಅಂಚು ಬೇರೆ ಬಿಟ್ಟಿದ್ದೀಯ. ಚೀಟಿಯನ್ನ ಆಮೇಲೆ ಓದಿದೆ. ಐದು ದಿನ ಏಪ್ರನ್ ಜೇಬಲ್ಲೇ ಇಟ್ಕೊಂಡು ಓಡಾಡಿದೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

“ನಂಗೊಂದು ರಜೆ ಅರ್ಜಿ ಬೇಕು” ಅಂದಳು. “ಜನವರಿ ಹತ್ತರಿಂದ ನಾಲ್ಕು ದಿನ. ಇಲ್ಲಿ ಯಾರಿಗೂ ನೆಟ್ಟಗೆ ಬರೆಯೋಕೆ ಬರಲ್ಲ. ನೀನು ಬರೆದು ಕಳಿಸು.”

ಕಾರಣ ಏನೆಂದು ಬರೆಯಬೇಕು, ತಾಯಿಯ ಅನಾರೋಗ್ಯವೆಂದು ಬರೆಯಲೇ ಎಂದು ಕೇಳಿದೆ.

“ಬೇಡ. ಅಮ್ಮನ ಕೈ ತರ್ಬೇಡ ಅದರಲ್ಲಿ. ಮನೆಗೆ ಹೋಗ್ಬೇಕು ಅಂತ ಬರಿ.” ಮತ್ತೆ, “ಸಹಿ ಜಾಗ ಖಾಲಿ ಬಿಡು. ನಾನು ಮಾಡ್ತೀನಿ.”

ಆಗಲಿ ಎಂದೆ. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಇವಳ ಎಡಗೈ ನನ್ನ ಬೆನ್ನ ಮೇಲಿತ್ತು, ಯಾವಾಗ ಇಟ್ಟಳೋ ತಿಳಿಯದು. ಬಟಾಣಿ ಸುಲಿಯಬೇಕು ಬನ್ನಿ ಎಂದಳು.

ಡಿಸೆಂಬರ್ ೨೯, ಸೋಮವಾರ

ಅರ್ಜಿ ಸಿದ್ಧವಾಗಿದೆ. ಒಳ್ಳೆಯ ಕಾಗದದಲ್ಲಿ, ಗೆರೆ ಎಳೆದು, ನನ್ನ ಅಕ್ಷರದಲ್ಲಿ ಬರೆದೆ. “ಮನೆಗೆ ಹೋಗಬೇಕೆಂದು ಅನ್ನಿಸಿರುವುದರಿಂದ, ಜನವರಿ ೧೦ರಿಂದ ೧೩ರವರೆಗೆ ನಾಲ್ಕು ದಿನಗಳ ರಜೆಯನ್ನು ಕೋರುತ್ತೇನೆ.” ಒಂದೇ ವಾಕ್ಯ. ಇಂಥ ಕಾರಣಕ್ಕೆ ರಜೆ ಮಂಜೂರಾದದ್ದನ್ನು ನಾನು ಕಂಡಿಲ್ಲ. ಇವಳಿಗೆ ಓದಿ ತೋರಿಸಿದೆ. ಒಂದಕ್ಷರವನ್ನೂ ತೆಗೆಯಲು ಹೇಳಲಿಲ್ಲ.

ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಅವಳ ಸಹಿ ಈಗ ಹೇಗಿದೆಯೋ, ಎಷ್ಟು ಜಾಗ ಬೇಕೋ ಗೊತ್ತಿಲ್ಲ. ಸ್ವಲ್ಪ ಹೆಚ್ಚಾಗಿಯೇ ಬಿಟ್ಟಿದ್ದೇನೆ.

ಅಂಚೆಗೆ ಹೋಗಬೇಕು. ಬರುವಾಗ ಬೆಣ್ಣೆ.